ಬೆಳ್ಳಿ ಎಳೆ ವಾಲಿದ ಕಡೆ

ಮನೆಯ ಪಕ್ಕದ ಸಂದಿಯಲ್ಲಿ ಅವಳಿಗೆ ಮೊದಲು ಕಂಡದ್ದು ಎರಡು ಕಾಲುಗಳು. ಬರೀ ಕಾಲುಗಳು. ಮಿಕ್ಕ ಮನುಷ್ಯ ಅಡುಗೆಮನೆಯ ನೆಲದಡಿಗೆ ತೂರಿಕೊಂಡಿದ್ದ.

ಹಳೆಯ ಮನೆ ಅದು. ಮರದ ಹಲಗೆಯ ನೆಲ, ಅದರಡಿ ತೆವಳಿಕೊಂಡು ಹೋಗುವಷ್ಟು ಜಾಗ, ಆ ಜಾಗಕ್ಕೆ ಹೊರಗಿನಿಂದ ಒಂದು ಪುಟ್ಟ ಬಾಗಿಲು. ಹೇಳದೆ ಕೇಳದೆ ಅಲ್ಲಿಗೆ ನುಗ್ಗುವವನು ಕಳ್ಳನಲ್ಲದೆ ಇನ್ಯಾರು?

"ಕಳ್ಳ!" ಎಂದು ಕೂಗಿದಳು. ಕೂಗಿದೆ ಎಂದುಕೊಂಡಳು, ಅಷ್ಟೆ. ಹೊರಬಿದ್ದದ್ದು ಪಿಸುಮಾತು.

ಅಜ್ಜಿ ಅವಳಿಗೆ ಪಿಸು ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಡಿಗ್ರಿ ಮುಗಿದು ವರ್ಷವಾದರೂ ಅಂಗಡಿಯಲ್ಲಿ ಬೇಕಾದ್ದನ್ನು ಬೆರಳು ಮಾಡಿ ತೋರಿಸಿ ತರುವ ಹುಡುಗಿ. ಬಾಯಿಗೆ ಬಂದದ್ದೆಲ್ಲ ಬಾಯಲ್ಲೇ ಕರಗಿ, ಆಮೇಲೆ ನೀಲಿ ರಟ್ಟಿನ ಡೈರಿಯೊಳಗೆ ಇಳಿಯುತ್ತಿತ್ತು.

ಕಾಲುಗಳೂ ಒಳಗೆ ಹೋದವು. ಪಿಸು ತುದಿಗಾಲಲ್ಲಿ ಹೋಗಿ ಬಾಗಿಲು ಮುಚ್ಚಿ, ಚಿಲಕ ಜಡಿದು, ಅದಕ್ಕೆ ಬೆನ್ನು ಕೊಟ್ಟು ಕೂತುಬಿಟ್ಟಳು.

ಸ್ವಲ್ಪ ಹೊತ್ತಿಗೆ ಒಳಗಿಂದ ದನಿ ಬಂತು. "ಯಾರಾದ್ರೂ ಇದೀರಾ? ಗಾಳಿಗೆ ಬಾಗಿಲು ಮುಚ್ಕೊಂಡ್ಬಿಟ್ಟಿದೆ."

ಪಿಸು ಬಾಗಿಲಿಗೆ ಬೆನ್ನನ್ನು ಇನ್ನಷ್ಟು ಒತ್ತಿದಳು.

"ಗಾಳಿ ಚಿಲಕಾನೂ ಹಾಕಿದೆ ಅನ್ಸುತ್ತೆ," ಎಂದಿತು ದನಿ, ಸಾವಕಾಶವಾಗಿ. "ಪರವಾಗಿಲ್ಲ, ನಿಧಾನಕ್ಕೆ ತೆಗೀರಿ. ಅಷ್ಟರೊಳಗೆ ನಾನು ಅಳತೆ ಮುಗಿಸ್ಕೋತೀನಿ."

ಕಾಲು ಗಂಟೆಯ ಮೇಲೆ ಅಜ್ಜಿ ಹುಡುಕಿಕೊಂಡು ಬಂದಾಗ ಎಲ್ಲ ಬಯಲಾಯಿತು. ಅಡುಗೆಮನೆಗೆ ಹೊಗೆ ಎಳೆಯುವ ಯಂತ್ರ ಕೂರಿಸಲು ಅಮ್ಮ ಅಂಗಡಿಗೆ ಹೇಳಿ ಬಂದಿದ್ದಳು. ಮನೆಯಲ್ಲಿ ಹೇಳುವುದನ್ನು ಮರೆತಿದ್ದಳು. ಶಾಲೆಯ ಹೆಡ್ ಮಿಸ್ ಅವಳು. ಆರುನೂರು ಮಕ್ಕಳ ಹೆಸರು ನೆನಪಿರುತ್ತದೆ, ಮನೆಯ ವಿಷಯ ಮಾತ್ರ ಇರುವುದಿಲ್ಲ.

ಹೊರಗೆ ಬಂದವನ ಕೂದಲ ತುಂಬ ಜೇಡರಬಲೆ. ಮೂಗಿನ ತುದಿಗೆ ಮಣ್ಣು. ಕೈಯಲ್ಲಿ ಟಾರ್ಚು, ಅಳತೆಪಟ್ಟಿ. ಪಿಸುವನ್ನೂ ಚಿಲಕವನ್ನೂ ಒಂದೊಂದು ಸಲ ನೋಡಿದ.

"ಗಾಳಿ ತುಂಬಾ ಜೋರಿದೆ ಈ ಕಡೆ," ಎಂದ. ನಗಲಿಲ್ಲ. ಕಣ್ಣು ಮಾತ್ರ ನಕ್ಕಿತು.

ಪಿಸುವಿನ ಕಿವಿಯ ತುದಿಯವರೆಗೂ ಬಿಸಿಯೇರಿತು.

* * *

ಯಂತ್ರ ಬಂದದ್ದು ಅಜ್ಜಿಗಾಗಿ. ಈರುಳ್ಳಿ ಬಾಣಲೆಗೆ ಬಿದ್ದರೆ ಸಾಕು, ಅಜ್ಜಿಗೆ ಕೆಮ್ಮು ಹತ್ತುತ್ತಿತ್ತು, ಹತ್ತಿದರೆ ಬಿಡುತ್ತಿರಲಿಲ್ಲ. "ಹೊಗೆ ತಪ್ಪಲೇಬೇಕು" ಎಂದು ಡಾಕ್ಟರು ಖಡಾಖಂಡಿತ ಹೇಳಿದ್ದರು. "ಇದೊಂದು ಕೊನೇ ಪ್ರಯತ್ನ. ಇದೂ ಆಗ್ಲಿಲ್ಲ ಅಂದ್ರೆ ಅಡುಗೆಮನೆಗೆ ಬೀಗ, ಊಟ ಹೊರಗಿಂದ," ಎಂದು ಅಮ್ಮ ತೀರ್ಪು ಕೊಟ್ಟಿದ್ದಳು. ಅವತ್ತು ಅಜ್ಜಿ ಏನೂ ಎದುರಾಡದೆ ಒಲೆಯ ಮೇಲೆ ಅಂಗೈ ಇಟ್ಟುಕೊಂಡು ನಿಂತಿದ್ದನ್ನು ಪಿಸು ಬಾಗಿಲ ಮರೆಯಿಂದ ನೋಡಿದ್ದಳು. ಆ ರಾತ್ರಿಯ ಡೈರಿಯಲ್ಲಿ ಅದೊಂದೇ ಸಾಲು.

ಒಲೆಯ ಮೇಲೆ ಚಿಮಣಿ ತೂಗುಹಾಕಬಹುದಿತ್ತು. ಆದರೆ ಒಲೆಯ ಹಿಂದಿನ ಗೋಡೆಯಲ್ಲೇ ಕಿಟಕಿ. ಬೀದಿಯ ಸಮಾಚಾರವೆಲ್ಲ ಅಜ್ಜಿಗೆ ಸಿಗುತ್ತಿದ್ದದ್ದು ಅಲ್ಲಿಂದ. "ನನ್ನ ಕಿಟಕಿಗೆ ಡಬ್ಬ ಅಡ್ಡ ಇಟ್ರೆ ನಾನು ಉಪವಾಸ ಕೂರ್ತೀನಿ" ಎಂದಿದ್ದಳು. ಹಾಗಾಗಿ ಈ ಹೊಸ ಬಗೆಯ ಯಂತ್ರ: ಗುಂಡಿ ಒತ್ತಿದರೆ ಒಲೆಯ ಹಿಂದಿನ ಕಟ್ಟೆಯೊಳಗಿಂದ ಒಂದು ಸ್ಟೀಲಿನ ಪಟ್ಟಿ ಗೇಣುದ್ದ ಮೇಲೇಳುತ್ತದೆ, ಹೊಗೆಯನ್ನು ಹಿಡಿದು ಕೆಳಕ್ಕೆಳೆದು ನೆಲದಡಿಯ ಪೈಪಿನಲ್ಲಿ ಮನೆಯಾಚೆ ಕಳಿಸುತ್ತದೆ.

"ಹೊಗೆ ಮೇಲಕ್ಕೆ ಹೋಗೋದು ಲೋಕಾರೂಢಿ," ಎಂದಳು ಅಜ್ಜಿ. "ಅದನ್ನ ಕೆಳಕ್ಕೆ ಕರೀತೀಯಾ? ನಿನ್ನ ಮಾತು ಕೇಳುತ್ತೇನಯ್ಯಾ ಅದು?"

"ಸ್ವಲ್ಪ ಮುದ್ದು ಮಾಡಿ ಕರೀಬೇಕು ಅಜ್ಜಿ."

"ಓಹೋ. ದೊಡ್ಡ ಗಾಳಿರಾಯ ಬಂದ!"

ಅವತ್ತಿನಿಂದ ಅವನು ಗಾಳಿರಾಯನೇ ಆದ.

ಗಾಳಿರಾಯ ಕೆಲಸ ಶುರುಮಾಡುವ ಮೊದಲು ಗ್ಯಾಸಿನ ವಾಲ್ವ್ ಮುಚ್ಚಿದ. ಕರೆಂಟಿನ ಪೆಟ್ಟಿಗೆಯಲ್ಲಿ ಅಡುಗೆಮನೆಯ ಸ್ವಿಚ್ಚು ಇಳಿಸಿ, ಮೇಲೆ ಪಟ್ಟಿ ಅಂಟಿಸಿ, "ಮುಟ್ಟಬೇಡಿ" ಎಂದು ಬರೆದ. ಆಮೇಲೂ ಟೆಸ್ಟರ್ ಇಟ್ಟು ನೋಡಿದ. ಅವನಿಗೆ ಯಾವುದರಲ್ಲೂ ಅವಸರವಿರಲಿಲ್ಲ.

"ಅಳತೆ ಬರ್ಕೊಳೋಕೆ ಯಾರಾದ್ರೂ ಬೇಕಿತ್ತಲ್ಲ," ಎಂದ. ಅವನ ಕಣ್ಣು ನೀಲಿ ಡೈರಿಯ ಮೇಲಿತ್ತು.

ಹೀಗೆ ಪಿಸುವಿನ ಡೈರಿಯಲ್ಲಿ ಪೈಪಿನ ಅಳತೆಗಳು ಬಂದು ಕೂತವು. ಅವನು ನೆಲದಡಿಯಿಂದ ಹೇಳುತ್ತಿದ್ದ, ಅವಳು ಹಲಗೆ ಕಿತ್ತ ಜಾಗದಲ್ಲಿ ಮಂಡಿಯೂರಿ ಬರೆದುಕೊಳ್ಳುತ್ತಿದ್ದಳು. ತಿರುವು ಒಂದೇ ಒಂದು ಇರಲಿ ಎಂದ. ಸುಕ್ಕುಸುಕ್ಕಾದ ಬಗ್ಗುವ ಪೈಪು ಬೇಡವೇ ಬೇಡ ಎಂದ.

ಅವಳು ಏಕೆ ಎಂದು ಕೇಳಿದಳು. ಅವಳ ದನಿ ಅವಳಿಗೇ ಕೇಳಿಸಲಿಲ್ಲ. ತಲೆಯೆತ್ತಿ ಅವಳನ್ನೇ ನೋಡುತ್ತಿದ್ದ ಅವನು ಮಾತ್ರ ಉತ್ತರ ಕೊಟ್ಟ.

"ಸುಕ್ಕಲ್ಲಿ ಎಣ್ಣೆ ಜಿಡ್ಡು ಕೂತ್ಕೊಳುತ್ತೆ. ಒಂದಿನ ಕಿಡಿ ಬಿದ್ರೆ ಪೈಪೇ ಹತ್ಕೊಳುತ್ತೆ. ನುಣ್ಣಗಿರೋ ತಗಡಿನ ಪೈಪಾದ್ರೆ ಜಿಡ್ಡಿಗೆ ಹಿಡ್ಕೊಳೋಕೆ ಏನೂ ಸಿಗಲ್ಲ."

ಅದು ಆಶ್ಚರ್ಯ. ಅವಳು ಏನೇ ಹೇಳಿದರೂ ಲೋಕವೆಲ್ಲ "ಏನು? ಜೋರಾಗಿ ಹೇಳು" ಎನ್ನುತ್ತಿತ್ತು. ಇವನು ಒಂದು ಸಲವೂ ಅನ್ನಲಿಲ್ಲ. ಆದರೆ ಇನ್ನೊಂದನ್ನು ಅವಳು ಗಮನಿಸಿದಳು. ಅವಳು ಬಾಯಿ ತೆರೆದರೆ ಸಾಕು, ಅವನ ನೋಟ ಅವಳ ಕಣ್ಣಿನಿಂದ ಜಾರಿ ತುಟಿಯ ಮೇಲೆ ನಿಲ್ಲುತ್ತಿತ್ತು. ಮಾತು ಮುಗಿಯುವವರೆಗೂ ಕದಲುತ್ತಿರಲಿಲ್ಲ.

ಎಷ್ಟು ಧೈರ್ಯ ಇವನಿಗೆ! ಎರಡನೆಯ ದಿನ ಪಿಸು ಡೈರಿಯನ್ನು ಮುಖಕ್ಕೆ ಅಡ್ಡ ಹಿಡಿದುಕೊಂಡೇ ಮಾತಾಡಿದಳು. ಅವತ್ತು ಮಾತ್ರ ಅವನು "ಕ್ಷಮಿಸಿ, ಗೊತ್ತಾಗ್ಲಿಲ್ಲ" ಎಂದು ಮೂರು ಸಲ ಅಂದ. ಮೂರನೆಯ ಸಲ ಅವನ ಮುಖ ಬಾಡಿತ್ತು.

"ನೀವು ಯಾಕೆ..." ಎಂದು ಅವಳು ಡೈರಿಯ ಹಿಂದಿನಿಂದಲೇ ಶುರುಮಾಡಿ, ನಿಲ್ಲಿಸಿ, ಡೈರಿ ಇಳಿಸಿದಳು. "ನೀವು ಯಾಕೆ ಹಾಗೆ ನೋಡ್ತೀರಿ?"

ಅವನಿಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಆಮೇಲೆ ಕೆನ್ನೆ ಕೆಂಪಾದದ್ದು ಅವನದು.

"ಅಯ್ಯೋ, ಅದಾ! ನಮ್ಮ ವರ್ಕ್‌ಶಾಪಲ್ಲಿ ತಗಡು ಕತ್ತರಿಸೋ ಮಿಷಿನ್ನು, ಬ್ಲೋವರ್ರು, ಇಡೀ ದಿನ ಸದ್ದು. ಕೂಗಿ ಕೂಗಿ ಸಂಜೆಗೆ ಗಂಟಲೇ ಇರಲ್ಲ. ಅದಕ್ಕೆ ನಾವೆಲ್ಲ ತುಟಿ ನೋಡಿ ಮಾತು ಹಿಡಿಯೋದು ಕಲ್ತಿದೀವಿ. ಅಭ್ಯಾಸಬಲ. ನೀವು ತಪ್ಪು ತಿಳ್ಕೊಂಡ್ರಾ?"

"ಇಲ್ಲ," ಎಂದಳು, ತಪ್ಪು ತಿಳಿದುಕೊಂಡಿದ್ದ ಪಿಸು.

"ಬೇಡ ಅಂದ್ರೆ ನೋಡಲ್ಲ."

ಅವಳು ನೆಲದ ಹಲಗೆಯ ಗೆರೆಗಳನ್ನು ಎಣಿಸಿದಳು. ಒಂದು, ಎರಡು, ಮೂರು.

"ನೋಡಿ. ಪರವಾಗಿಲ್ಲ," ಎಂದಳು. ಸದ್ದೇ ಇರಲಿಲ್ಲ ಆ ಮಾತಿಗೆ. ಅವನು ಹಿಡಿದ.

* * *

ಮೂರನೆಯ ದಿನ ಗ್ಯಾಸಿನ ಪೈಪನ್ನು ಮತ್ತೆ ಒಲೆಗೆ ಸೇರಿಸಿ, ಜೋಡಣೆಯ ಸುತ್ತ ಸೋಪಿನ ನೊರೆ ಬಳಿದ. "ಗುಳ್ಳೆ ಎದ್ರೆ ಸೋರ್ತಿದೆ ಅಂತ. ನೋಡ್ತಿರಿ. ಎರಡು ಜೊತೆ ಕಣ್ಣು ಒಳ್ಳೇದು."

ಕಟ್ಟೆಯ ಕೆಳಗಿನ ಕಪಾಟಿನಲ್ಲಿ ಎರಡು ತಲೆಗಳಿಗೆ ಜಾಗ ಸಾಲದು. ಅವನ ಭುಜ ಅವಳ ಭುಜಕ್ಕೆ ತಾಗಿತು, ಹಿಂದಕ್ಕೆ ಸರಿಯಿತು, ಸರಿಯಲು ಎಡೆಯಿಲ್ಲದೆ ಮತ್ತೆ ತಾಗಿತು. ಲೋಹದ ಧೂಳು, ಸೋಪಿನ ಪರಿಮಳ. ಇಬ್ಬರೂ ನೊರೆಯನ್ನೇ ದಿಟ್ಟಿಸಿದರು. ಒಂದು ಗುಳ್ಳೆಯೂ ಏಳಲಿಲ್ಲ. ಏಳದಿದ್ದದ್ದು ಖಾತ್ರಿಯಾದ ಮೇಲೂ ಇಬ್ಬರೂ ನೋಡುತ್ತಲೇ ಇದ್ದರು.

"ಏನು, ಕಪಾಟಲ್ಲಿ ಸಿನಿಮಾ ಹಾಕಿದಾರಾ?" ಎಂದಳು ಅಜ್ಜಿ ಮೇಲಿನಿಂದ.

ಮಧ್ಯಾಹ್ನ ಅವನು ಗೋಡೆಯ ಬುಡದಲ್ಲಿ ಒಂದು ಕಿಂಡಿ ಕೊರೆದು ಜಾಲರಿ ಹಾಕಿದ. ಆಮೇಲೆ ಅಡುಗೆಮನೆಯ ಮೂಲೆಯ ಗ್ಯಾಸ್ ಗೀಸರಿನ ಹತ್ತಿರ ಪಿಸುವನ್ನು ಕರೆದ. ಗೀಸರಿನ ತಲೆಯ ಮೇಲೆ, ಉರಿದ ಗ್ಯಾಸಿನ ಹೊಗೆ ಪೈಪಿಗೆ ಸೇರುವ ಬಾಯಿಯ ಪಕ್ಕ, ಬೆಳ್ಳಿ ಬಣ್ಣದ ತಗಡಿನ ಒಂದು ತೆಳು ಎಳೆ ತೂಗುಬಿಟ್ಟಿದ್ದ.

"ಯಂತ್ರ ಎಷ್ಟು ಗಾಳಿ ಹೊರಗೆ ಹಾಕುತ್ತೋ ಅಷ್ಟು ಗಾಳಿ ಎಲ್ಲಿಂದಾದ್ರೂ ಒಳಗೆ ಬರ್ಲೇಬೇಕು. ಅದಕ್ಕೇ ಆ ಕಿಂಡಿ. ದಾರಿ ಕೊಡ್ದಿದ್ರೆ ಗಾಳಿ ತಾನೇ ದಾರಿ ಹುಡುಕುತ್ತೆ. ಈ ಹೊಗೆ ಪೈಪಲ್ಲೇ ಹಿಂದಕ್ಕೆ ಇಳಿಯುತ್ತೆ. ಅದರಲ್ಲಿ ಬರೋ ವಿಷಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ನೋಡಿ ಈಗ."

ಗೀಸರ್ ಹಚ್ಚಿ, ಕಿಟಕಿ ಬಾಗಿಲು ಮುಚ್ಚಿ, ಯಂತ್ರ ಹಾಕಿದ. ಬೆಳ್ಳಿ ಎಳೆ ಪೈಪಿನ ಕಡೆ ವಾಲಿತು. ಕಿಂಡಿಗೆ ಒಂದು ರಟ್ಟು ಒತ್ತಿ ಹಿಡಿದ. ಎಳೆ ನಡುಗಿ, ಮೆಲ್ಲನೆ ತಿರುಗಿ, ಕೋಣೆಯ ಕಡೆ, ಅವರ ಮುಖದ ಕಡೆ ಚಾಚಿತು. ರಟ್ಟು ತೆಗೆದ, ಎಳೆ ಮತ್ತೆ ಆ ಕಡೆ.

"ಕಿಂಡಿ ಮುಚ್ಚಬಾರದು ಅಜ್ಜಿ," ಎಂದು ಅವನು ದನಿಯೆತ್ತಿ ಹೇಳಿದ.

"ಹೂಂ ಹೂಂ," ಎಂದಳು ಅಜ್ಜಿ ಕಿಟಕಿಯಾಚೆ ನೋಡುತ್ತ.

ವಿಷಗಾಳಿಯನ್ನು ಕಂಡುಹಿಡಿದು ಕೂಗುವ ಅಲಾರಾಂ ಅಂಗಡಿಗೆ ಬರುವುದು ಮರುದಿನ. ಅದನ್ನು ಹಾಕುವವರೆಗೆ ಯಂತ್ರ ಮುಟ್ಟಬೇಡಿ ಎಂದು ಗುಂಡಿಯ ಮೇಲೆ ಪಟ್ಟಿ ಅಂಟಿಸಿ, ಡೈರಿಯ ಮೂಲೆಯಲ್ಲಿ ತನ್ನ ಫೋನ್ ನಂಬರ್ ಬರೆದುಕೊಟ್ಟು ಹೊರಟ. ನಂಬರಿನ ಕೊನೆಯ ಸೊನ್ನೆಯ ಮೇಲೆ ಪಿಸು ಅವತ್ತು ಬಹಳ ಹೊತ್ತು ಬೆರಳಾಡಿಸಿದಳು. ನಾಳೆ ಒಂದು ದಿನ. ಆಮೇಲೆ ಅವನಿಗೆ ಇಲ್ಲಿ ಕೆಲಸವಿರುವುದಿಲ್ಲ.

* * *

ಬೆಳಿಗ್ಗೆ ಏಳೂವರೆ. ಹೊರಗೆ ಕೊರೆಯುವ ಚಳಿ. ಅಮ್ಮ ಸ್ನಾನಕ್ಕೆ ಹೋಗಿದ್ದಳು, ಗೀಸರ್ ಗುಂಯ್‌ಗುಟ್ಟುತ್ತಿತ್ತು. ಪಿಸು ಅಡುಗೆಮನೆಗೆ ಬಂದಾಗ ಸ್ಟೀಲಿನ ಪಟ್ಟಿ ಎದ್ದು ನಿಂತು ಹೊಗೆ ಎಳೆಯುತ್ತಿತ್ತು. ಬಾಣಲೆಯಲ್ಲಿ ಈರುಳ್ಳಿ. ಅಜ್ಜಿ ತನ್ನ ಎತ್ತರದ ಸ್ಟೂಲಿನ ಮೇಲೆ ಕೂತು ಹಣೆ ಒತ್ತಿಕೊಳ್ಳುತ್ತಿದ್ದಳು.

"ಕೆಮ್ಮೇ ಬರ್ಲಿಲ್ಲ ನೋಡೇ," ಎಂದಳು ಗೆಲುವಿನಿಂದ. ಆಮೇಲೆ, "ತಲೆ ಮಾತ್ರ ಯಾಕೋ ಗಿರ್ ಅಂತಿದೆ."

ಪಿಸು ಮೂಲೆಯ ಕಡೆ ನೋಡಿದಳು. ಬೆಳ್ಳಿ ಎಳೆ ಕೋಣೆಯ ಕಡೆ ಚಾಚಿತ್ತು.

ಆಮೇಲಿನದು ಅವಳಿಗೆ ಸರಿಯಾಗಿ ನೆನಪಿಲ್ಲ. ಯಂತ್ರ ನಿಲ್ಲಿಸಿದ್ದು, ಗೀಸರ್ ಆರಿಸಿದ್ದು, ಒಲೆ ಆರಿಸಿದ್ದು, ಕಿಟಕಿ ದಬ್ಬಿದ್ದು. ಗೋಡೆಯ ಬುಡದ ಜಾಲರಿಗೆ ಅಜ್ಜಿಯ ಕೆಂಪು ಉಣ್ಣೆಯ ಶಾಲು ತುರುಕಿತ್ತು, ಅದನ್ನು ಕಿತ್ತೆಳೆದದ್ದು. ಅಜ್ಜಿಯನ್ನು ತಬ್ಬಿ ಅಂಗಳಕ್ಕೆ ನಡೆಸುತ್ತ "ಅಮ್ಮಾ! ಹೊರಗೆ ಬಾ!" ಎಂದು ಕೂಗಿದಳು. ನಿಜಕ್ಕೂ ಕೂಗಿದಳು. ಎದುರುಮನೆಯ ಬಾಗಿಲು ತೆರೆದುಕೊಂಡಿತು.

ಆಂಬುಲೆನ್ಸಿಗೆ ಹೇಳಿದ ಮೇಲೆ ಅವನಿಗೆ ಫೋನ್ ಮಾಡಿದಳು. ಫೋನಿನಲ್ಲಿ ತುಟಿ ಕಾಣುವುದಿಲ್ಲ. "ಎಳೆ ಈ ಕಡೆ ತಿರುಗಿತ್ತು!" ಎಂದು ಗಂಟಲು ಹರಿಯುವಂತೆ ಹೇಳಿದಳು. "ಎಲ್ಲರೂ ಹೊರಗಿದೀವಿ!"

"ಯಾರೂ ಒಳಗೆ ಹೋಗ್ಬೇಡಿ. ಬಂದೆ," ಎಂದ.

ಆಸ್ಪತ್ರೆಯಲ್ಲಿ ಮೂವರನ್ನೂ ಪರೀಕ್ಷೆ ಮಾಡಿದರು. ಅಜ್ಜಿಗೆ ಕೆಲವು ಗಂಟೆ ಮಾಸ್ಕಿನಲ್ಲಿ ಆಮ್ಲಜನಕ ಕೊಟ್ಟರು. "ಬೇಗ ಹೊರಗೆ ಕರ್ಕೊಂಡು ಬಂದದ್ದು ಒಳ್ಳೇದಾಯ್ತು" ಎಂದರು. ಮೂವರೂ ಮನೆಗೆ ಬಂದಾಗ ಮಧ್ಯಾಹ್ನ ಇಳಿದಿತ್ತು. ಗಾಳಿರಾಯ ಮೆಟ್ಟಿಲ ಮೇಲೆ ಕೂತಿದ್ದ. ಬೆಳಿಗ್ಗೆಯಿಂದ ಕೂತಿದ್ದನಂತೆ, ಕಿಟಕಿಗಳನ್ನೆಲ್ಲ ತೆರೆದಿಟ್ಟು.

ಅಮ್ಮ ಚಪ್ಪಲಿ ಕಳಚುವ ಮೊದಲೇ ಶುರುಮಾಡಿದಳು. "ನಮ್ಮಮ್ಮನ ಜೀವ ಹೋಗ್ತಿತ್ತು! ಇದೇನ್ರೀ ನೀವು ಮಾಡಿರೋ ಕೆಲಸ? ನಿಮ್ಮ ಅಂಗಡಿಗೆ ಬರೆದುಕೊಡ್ತೀನಿ. ಇನ್ನೊಬ್ಬರ ಮನೆಗೆ ನಿಮ್ಮನ್ನ ಕಳಿಸ್ಬಾರ್ದು, ಹಾಗೆ ಬರೀತೀನಿ."

ಬೈಗುಳ ಕೇಳುತ್ತಲೇ ಅವನು ಅವರ ಜೊತೆ ಅಡುಗೆಮನೆಗೆ ಬಂದು ಜಾಲರಿಯ ಮುಂದೆ ಕುಕ್ಕರಗಾಲಲ್ಲಿ ಕೂತ. ಜಾಲರಿಯ ಅಂಚಿಗೆ ಒಂದು ಕೆಂಪು ಉಣ್ಣೆಯ ನೂಲು ಸಿಕ್ಕಿಕೊಂಡಿತ್ತು. ಅದನ್ನು ಬಿಡಿಸಿದ. ಸ್ಟೂಲಿನ ಕಡೆ ನೋಡಿದ. ಅಜ್ಜಿಯನ್ನು ನೋಡಿದ. ಅಜ್ಜಿ ತಲೆ ತಗ್ಗಿಸಿಕೊಂಡು ಸೆರಗಿನ ಅಂಚು ಹೊಸೆಯುತ್ತಿದ್ದಳು. ನೂಲನ್ನು ಅವನು ಬೆರಳಿಗೆ ಸುತ್ತಿ ಜೇಬಿಗೆ ಇಳಿಸಿಬಿಟ್ಟ.

"ತಪ್ಪು ನಂದೇ ಮೇಡಂ," ಎಂದ. "ಬರೀರಿ."

ಪಿಸು ಬಾಗಿಲಲ್ಲಿ ನಿಂತಿದ್ದಳು. ಜೇಬಿಗೆ ಹೋದ ನೂಲನ್ನು ಕಂಡದ್ದು ಅವಳೊಬ್ಬಳೇ. ಇವನಿಗೆ ಎಲ್ಲ ಗೊತ್ತಾಗಿದೆ. ಗೊತ್ತಾಗಿಯೂ ಅಜ್ಜಿಯ ಒಲೆ ಉಳಿಯಲಿ ಎಂದು ತನ್ನ ಕೆಲಸವನ್ನು ಬಿಟ್ಟುಕೊಡುತ್ತಿದ್ದಾನೆ. ಅವಳು ಬಾಯಿ ಬಿಟ್ಟರೆ ಅಜ್ಜಿಯ ಅಡುಗೆಮನೆಗೆ ಬೀಗ. ಬಿಡದಿದ್ದರೆ ಇವನ ಹೆಸರಿಗೆ ಮಸಿ. ಡೈರಿ ಕೈಯಲ್ಲೇ ಇತ್ತು. ಅದರಲ್ಲಿ ಬರೆದರೆ ಸಾಲದು.

"ಇವರ ತಪ್ಪಲ್ಲ," ಎಂದಳು.

"ಏನು? ಜೋರಾಗಿ ಹೇಳು," ಎಂದಳು ಅಮ್ಮ.

"ಇವರ ತಪ್ಪಲ್ಲಮ್ಮ!" ಪಾತ್ರೆಗಳು ಝಣ್ ಎಂದವೇನೋ ಅನ್ನಿಸಿತು. "ಕಿಂಡಿಗೆ ಶಾಲು ತುರುಕಿತ್ತು. ನಾನೇ ಕಿತ್ತೆ. ಇವರಿಗೂ ಗೊತ್ತು, ಆದ್ರೂ ಹೇಳ್ತಿಲ್ಲ. ಅಜ್ಜೀನ ಬೈಬೇಡ. ಆ ಸ್ಟೂಲ್ ಮೇಲೆ ಒಂದ್ಸಲ ಕೂತು ನೋಡು ನೀನು. ಕಿಂಡಿ ಗಾಳಿ ಸೀದಾ ಪಾದಕ್ಕೆ ಹೊಡೆಯುತ್ತೆ. ಅವಳಿಗೆ ಮೊದಲೇ ಕಾಲು ಸೆಳೆತ. ಇಷ್ಟು ಚಳೀಲಿ ನಾನಾಗಿದ್ರೂ ಮುಚ್ತಿದ್ದೆ!"

ಅಮ್ಮ ಸ್ಟೂಲಿನ ಕಡೆ ತಿರುಗಿದಳು.

"ಹೌದು ಕಣೇ," ಎಂದಳು ಅಜ್ಜಿ ಕೊನೆಗೆ, ಅಮ್ಮನಿಗೆ. "ಗುಂಡಿ ಮೇಲಿನ ಪಟ್ಟೀನೂ ನಾನೇ ಕಿತ್ತೆ. ಇವನು ಹೇಳಿದ್ದ. ಇನ್ನೊಬ್ಬರ ಮನೆ ಹುಡುಗನ ಅನ್ನಕ್ಕೆ ಕಲ್ಲು ಹಾಕಿ ನಾನು ಸುಮ್ಮನೆ ಕೂತಿದ್ದೆ ನೋಡು. ಬೀಗ ಹಾಕೋದಾದ್ರೆ ಹಾಕು. ಅವನ ಬಗ್ಗೆ ಬರೀಬೇಡ."

ಗಾಳಿರಾಯ ಎದ್ದು ಬಂದು ಸ್ಟೂಲಿನ ಮೇಲೆ ಕೂತ. ಕಾಲು ಕೆಳಗೆ ಬಿಟ್ಟ. ಕಿಂಡಿಯಿಂದ ಬಂದ ಚಳಿ ತಾಗಿತೇನೋ, ಬೆರಳು ಮುದುರಿದವು.

"ತಪ್ಪು ನಂದೂ ಇದೆ," ಎಂದ. "ಗಾಳಿಯ ದಾರಿ ಮಾತ್ರ ನೋಡಿದೆ. ಅಜ್ಜಿ ಎಲ್ಲಿ ಕೂರ್ತಾರೆ ಅಂತ ಕೇಳ್ಲೇ ಇಲ್ಲ. ಬರೀ ಪಟ್ಟಿ ಅಂಟಿಸಿ ಹೋಗೋದೂ ಸಾಲ್ದು. ಯಂತ್ರದ ಕರೆಂಟೇ ತೆಗೀಬೇಕಿತ್ತು. ಎರಡು ದಿನ ಕೊಡಿ ಮೇಡಂ. ಕಿಂಡೀನ ಮೇಲಕ್ಕೆ, ಕಪಾಟಿನ ಹಿಂದಕ್ಕೆ ಹಾಕ್ತೀನಿ. ಯಾರ ಮೈಗೂ ಗಾಳಿ ತಾಗಲ್ಲ. ಗಾಳಿ ಒಳಗೆ ಬರ್ತಿದ್ರೆ ಮಾತ್ರ ಯಂತ್ರ ತಿರುಗಬೇಕು, ಹಾಗೆ ಜೋಡಿಸ್ತೀನಿ. ಅಲಾರಾಂ ಹಾಕ್ದೆ ಈ ಮನೆಯಿಂದ ಕದಲಲ್ಲ."

ಅಮ್ಮ ಚಪ್ಪಲಿಯಲ್ಲೇ ನಿಂತು ಮಗಳನ್ನು ನೋಡುತ್ತಿದ್ದಳು, ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಕಂಡವಳ ಹಾಗೆ.

"ಎರಡೇ ದಿನ," ಎಂದಳು.

* * *

ಎರಡನೆಯ ದಿನದ ಸಂಜೆ. ಇಳಿಬಿಸಿಲು ಕಿಟಕಿಯಿಂದ ಬಂದು ಸ್ಟೀಲಿನ ಪಟ್ಟಿಯ ಮೇಲೆ ಕೂತಿತ್ತು. ಅಲಾರಾಂ ಗೋಡೆಯ ಮೇಲೆ ಹಸಿರು ಕಣ್ಣು ಮಿಟುಕಿಸುತ್ತಿತ್ತು. ಅಜ್ಜಿ ಸ್ಟೂಲಿನ ಮೇಲೆ, ಕಾಲಿನ ಮೇಲೆ ಕೆಂಪು ಶಾಲು ಹೊದ್ದು, ಬಾಣಲೆಯಲ್ಲಿ ಈರುಳ್ಳಿ ಆಡಿಸುತ್ತಿದ್ದಳು. ಹೊಗೆ ಏಳುತ್ತಿತ್ತು, ಬಾಗುತ್ತಿತ್ತು, ಮುದ್ದು ಮಾಡಿ ಕರೆದ ಹಾಗೆ ಕೆಳಕ್ಕಿಳಿದು ಹೋಗುತ್ತಿತ್ತು.

ಕೊನೆಯ ಪರೀಕ್ಷೆ. ಗೀಸರ್ ಹಚ್ಚಿದೆ, ಕಿಟಕಿ ಬಾಗಿಲು ಮುಚ್ಚಿದೆ, ಯಂತ್ರ ಮೂರನೆಯ ವೇಗದಲ್ಲಿ ಭೋರ್ಗರೆಯುತ್ತಿದೆ. ಅವನು ಮೂಲೆಯಲ್ಲಿ ಬೆಳ್ಳಿ ಎಳೆಯ ಪಕ್ಕ ನಿಂತಿದ್ದ. ಎಳೆ ಪೈಪಿನ ಕಡೆ ವಾಲಿತ್ತು, ಕದಲಲಿಲ್ಲ. ಅವಳು ಈ ತುದಿಯಲ್ಲಿ, ಗುಂಡಿಯ ಪಕ್ಕ. ನಡುವೆ ಇಡೀ ಅಡುಗೆಮನೆ, ಇಡೀ ಸದ್ದು.

ಅವನು ಎಳೆಯಿಂದ ಕಣ್ಣು ತೆಗೆದು, ಎಲ್ಲ ಸರಿಯಿದೆ ಎಂಬಂತೆ ಹೆಬ್ಬೆರಳೆತ್ತಿದ. ಅವನ ನೋಟ ಅಭ್ಯಾಸಬಲದಿಂದ ಅವಳ ತುಟಿಗೆ ಬಂತು.

ಪಿಸು ಈ ಸಲ ಡೈರಿಯನ್ನು ಅಡ್ಡ ಹಿಡಿಯಲಿಲ್ಲ.

ನಾಳೆಯಿಂದ ನಿಮಗೆ ಇಲ್ಲಿ ಕೆಲಸ ಇಲ್ಲ, ಎಂದಳು ಸದ್ದಿಲ್ಲದೆ, ಒಂದೊಂದೇ ಮಾತನ್ನು ತುಟಿಯ ಮೇಲೆ ಜೋಡಿಸುತ್ತ. ನನಗೆ ಅದು ಇಷ್ಟ ಇಲ್ಲ. ನನಗೆ ನೀವು ಇಷ್ಟ.

ಅವನ ಹೆಬ್ಬೆರಳು ಎತ್ತಿದಲ್ಲೇ ನಿಂತಿತು. ಆಮೇಲೆ ಅವನ ತುಟಿಗಳೂ ಅಲುಗಿದವು. ಪಿಸು ಯಾರ ತುಟಿಯನ್ನೂ ಓದಿ ಬಲ್ಲವಳಲ್ಲ. ಆದರೂ ಒಂದು ಅಕ್ಷರ ತಪ್ಪದೆ ತಿಳಿಯಿತು. ಚಿಲಕ ಹಾಕಿದ ದಿನದಿಂದ, ಎಂದಿದ್ದ. ನಾನು ಇನ್ನೂ ಹೊರಗೆ ಬಂದಿಲ್ಲ.

"ಏನ್ರೋ ಅದು!" ಅಜ್ಜಿ ಸೌಟು ಎತ್ತಿ ಯಂತ್ರದ ಸದ್ದಿನ ಮೇಲೆ ಕೂಗಿದಳು. "ಆವಾಗಿಂದ ನೋಡ್ತಿದೀನಿ, ಆ ಮೂಲೇಲಿ ಒಂದು ಮೀನು, ಈ ಮೂಲೇಲಿ ಒಂದು ಮೀನು! ಬಾಯಿ ಬಿಟ್ಟು ಹೇಳಬಾರ್ದಾ?"

ಅವನು ತಡಬಡಾಯಿಸಿ ಯಂತ್ರ ನಿಲ್ಲಿಸಲು ಬಂದ. ಅಷ್ಟರಲ್ಲಿ ಪಿಸುವೇ ಗುಂಡಿ ಒತ್ತಿದಳು. ಸ್ಟೀಲಿನ ಪಟ್ಟಿ ಮೆಲ್ಲನೆ ಕಟ್ಟೆಯೊಳಗೆ ಇಳಿಯಿತು. ಮನೆಯಲ್ಲಿ ಈರುಳ್ಳಿಯ ಚಟಪಟ ಬಿಟ್ಟರೆ ಇನ್ನೊಂದು ಸದ್ದಿರಲಿಲ್ಲ. ಒಳಕೋಣೆಯಲ್ಲಿ ಅಮ್ಮ ಉತ್ತರಪತ್ರಿಕೆ ತಿರುವುವುದನ್ನು ನಿಲ್ಲಿಸಿದ್ದಳು.

"ನಾಳೆ ಊಟಕ್ಕೆ ಇವರೂ ಬರ್ತಾರೆ ಅಜ್ಜಿ," ಎಂದಳು ಪಿಸು, ಒಳಕೋಣೆಗೂ ಕೇಳುವ ಹಾಗೆ. "ಕೆಲಸಕ್ಕಲ್ಲ. ನಾನು ಕರೆದಿದೀನಿ."